ಬಿಟ್ಟುಕೊಟ್ಟದ್ದು ಮತ್ತು ಕಳೆದುಕೊಂಡದ್ದು: ಗೀತೆಯ ‘ತ್ಯಾಗ’ವನ್ನು ಕಾಳಿ ಕಣಿವೆಯಲ್ಲಿ ಓದಿದಾಗ

ದಾಂಡೇಲಿಯಿಂದ ಜೋಯಿಡಾ ಕಡೆಗೆ ಹೋಗುವ ದಾರಿಯಲ್ಲಿ, ಗಣೇಶಗುಡಿಯ ಬಳಿ, ಕಾಳಿ ನದಿಗೆ ಅಡ್ಡವಾಗಿ ಕಟ್ಟಿರುವ ಸೂಪಾ ಅಣೆಕಟ್ಟನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದರ ಎತ್ತರ 101 ಮೀಟರ್. ಮಳೆಗಾಲ ಮುಗಿದು ಆಕಾಶ ತಿಳಿಯಾದ ದಿನಗಳಲ್ಲಿ ಅಲ್ಲಿ ನಿಂತರೆ, ಬೆಟ್ಟಗಳ ನಡುವೆ ಕಣ್ಣು ಹಾಯುವಷ್ಟು ದೂರ ಹರಡಿಕೊಂಡ ಹಿನ್ನೀರು ಅಲುಗಾಡದೆ ಮಲಗಿರುತ್ತದೆ. ನೋಡಿದವರ ಬಾಯಿಂದ ತಾನಾಗಿ ಹೊರಡುವ ಮಾತು ಒಂದೇ: ‘ಎಷ್ಟು ಶಾಂತವಾಗಿದೆ!’

ಈ ದೃಶ್ಯ ಭಗವದ್ಗೀತೆಯ ಒಂದು ಪ್ರಸಿದ್ಧ ಹೋಲಿಕೆಯನ್ನು ನೆನಪಿಗೆ ತರುತ್ತದೆ. ಎರಡನೆಯ ಅಧ್ಯಾಯದ ಕೊನೆಯಲ್ಲಿ ಶ್ರೀಕೃಷ್ಣನು ಸ್ಥಿತಪ್ರಜ್ಞನ ಲಕ್ಷಣವನ್ನು ಹೇಳುತ್ತಾ ಅವನನ್ನು ಸಮುದ್ರಕ್ಕೆ ಹೋಲಿಸುತ್ತಾನೆ. ಎಷ್ಟು ನದಿಗಳು ಬಂದು ಸೇರಿದರೂ ಸಮುದ್ರ ತನ್ನ ನೆಲೆಯಿಂದ ಕದಲುವುದಿಲ್ಲ. ಹಾಗೆಯೇ ಕಾಮನೆಗಳು ಯಾರೊಳಗೆ ಬಂದು ಸೇರಿಯೂ ಅವನನ್ನು ಕದಲಿಸಲಾರವೋ ಅವನಿಗೆ ಶಾಂತಿ ದೊರೆಯುತ್ತದೆ. ಕಾಮನೆಗಳ ಬೆನ್ನು ಹತ್ತಿದವನಿಗೆ ದೊರೆಯುವುದಿಲ್ಲ. ಅದರ ಮುಂದಿನ ಶ್ಲೋಕದಲ್ಲಿ, ಎಲ್ಲ ಆಸೆಗಳನ್ನು ತೊರೆದು, ‘ನನ್ನದು’ ಎಂಬ ಮಮಕಾರವನ್ನೂ ‘ನಾನು’ ಎಂಬ ಅಹಂಕಾರವನ್ನೂ ಕಳಚಿ ನಡೆಯುವವನೇ ಶಾಂತಿಯನ್ನು ಪಡೆಯುತ್ತಾನೆ ಎಂಬ ಮಾತು ಬರುತ್ತದೆ. ಆಸೆಯನ್ನು ಬಿಡುವುದೇ ಶಾಂತಿಯ ದಾರಿ ಎಂಬ ಹಿಂದೂ ಚಿಂತನೆಯ ಸಾರವನ್ನು ಇಷ್ಟು ಅಡಕವಾಗಿ ಹೇಳಿದ ಭಾಗ ಇನ್ನೊಂದು ಸಿಗುವುದು ಕಷ್ಟ.

ಆದರೆ ಸೂಪಾದ ಆ ಶಾಂತವಾದ ನೀರಿನ ಕೆಳಗೆ ಒಂದು ಊರಿದೆ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವ ಜಾಗದಲ್ಲಿದ್ದ ಸೂಪಾ, ತನ್ನ ಹೆಸರನ್ನು ಇಡೀ ತಾಲೂಕಿಗೆ ಕೊಟ್ಟಿದ್ದ ಊರು. 1987ರಲ್ಲಿ ಪೂರ್ಣಗೊಂಡ ಅಣೆಕಟ್ಟು ಆ ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ಗದ್ದೆಗಳನ್ನೂ ನುಂಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು. ಮುಳುಗಡೆಯಾದವರಲ್ಲಿ ಅನೇಕರು ರಾಮನಗರದ ಪುನರ್ವಸತಿ ನೆಲೆಗೆ ಬಂದರು. ಅಂದಿನಿಂದ ಇಂದಿನವರೆಗೆ ಭಾಷಣಗಳಲ್ಲಿ ಅವರ ಬಗ್ಗೆ ಬಳಕೆಯಾಗುವ ಪದ ಒಂದೇ: ‘ತ್ಯಾಗ’. ನಾಡಿನ ಬೆಳಕಿಗಾಗಿ ಅವರು ತ್ಯಾಗ ಮಾಡಿದರು ಎನ್ನಲಾಗುತ್ತದೆ. ಗೀತೆಯ ಹದಿನೆಂಟನೆಯ ಅಧ್ಯಾಯದ ಮುಖ್ಯ ಪದವೂ ಇದೇ. ಈ ಎರಡು ಬಳಕೆಗಳಲ್ಲಿ ಪದವೊಂದೇ. ಅರ್ಥವೂ ಒಂದೆಯೇ ಎಂಬುದನ್ನು ಈ ಲೇಖನದಲ್ಲಿ ನಿಮ್ಮೊಂದಿಗೆ ವಿಚಾರಿಸಬೇಕೆಂದಿದ್ದೇನೆ.

ವಿಚಾರಕ್ಕೆ ಆಧಾರವಾಗಿ ಕನ್ನಡದ್ದೇ ಆದ ಒಂದು ಗ್ರಂಥವನ್ನು ಇಟ್ಟುಕೊಳ್ಳೋಣ. ಡಿ.ವಿ. ಗುಂಡಪ್ಪನವರ ‘ಶ್ರೀಮದ್ಭಗವದ್ಗೀತಾ ತಾತ್ಪರ್ಯ ಅಥವಾ ಜೀವನಧರ್ಮಯೋಗ’ 1966ರಲ್ಲಿ ಪ್ರಕಟವಾಯಿತು. 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ದೊರೆಯಿತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಮಠಾಧೀಶರಾಗಿರಲಿಲ್ಲ, ಸನ್ಯಾಸಿಯಾಗಿರಲಿಲ್ಲ. ಪತ್ರಿಕೋದ್ಯಮಿಯಾಗಿ, ಸಾರ್ವಜನಿಕ ವಿಚಾರಗಳಲ್ಲಿ ತೊಡಗಿಕೊಂಡ ಗೃಹಸ್ಥರಾಗಿ ಅವರು ಬಾಳಿದರು. ಗ್ರಂಥದ ಹೆಸರಿನಲ್ಲಿಯೇ ಅವರ ನಿಲುವು ಸ್ಪಷ್ಟವಾಗಿದೆ. ಗೀತೆ ಕಾಡಿಗೆ ಹೋಗುವವನ ಪುಸ್ತಕವಷ್ಟೇ ಆಗದೆ ಬದುಕುವವನ ಧರ್ಮಗ್ರಂಥವಾಗಬೇಕು. ಮನೆ, ಉದ್ಯೋಗ, ನೆರೆಹೊರೆ, ರಾಜ್ಯಭಾರ ಇವುಗಳ ನಡುವೆ ಇರುವವನಿಗೆ ಅದು ದಾರಿ ತೋರಬೇಕು ಎಂಬುದೇ ಆ ನಿಲುವು.

ಈ ನಿಲುವಿನ ಹಿಂದೆ ಒಂದು ದೀರ್ಘ ಚರ್ಚೆಯಿದೆ. ಶಂಕರಾಚಾರ್ಯರು ಗೀತೆಯನ್ನು ಓದಿದಾಗ ಕೊನೆಗೆ ಜ್ಞಾನಕ್ಕೂ ಕರ್ಮಸನ್ಯಾಸಕ್ಕೂ ಹಿರಿಯ ಸ್ಥಾನವನ್ನು ಕೊಟ್ಟರು. ಮಂಡಾಲೆಯ ಸೆರೆಮನೆಯಲ್ಲಿ ‘ಗೀತಾರಹಸ್ಯ’ವನ್ನು ಬರೆದ ಲೋಕಮಾನ್ಯ ತಿಲಕರು, 1915ರಲ್ಲಿ ಅದು ಪ್ರಕಟವಾದಾಗ, ಗೀತೆಯ ಮುಖ್ಯ ಉಪದೇಶ ಕರ್ಮಯೋಗವೇ ಎಂದು ವಾದಿಸಿದರು. ಆ ಮರಾಠಿ ಗ್ರಂಥವನ್ನು ಕನ್ನಡಕ್ಕೆ ತಂದವರು ನಮ್ಮ ನೆರೆಯ ಧಾರವಾಡದ ಆಲೂರು ವೆಂಕಟರಾಯರು. ಹಳಿಯಾಳ, ಜೋಯಿಡಾ ಕಡೆಯ ಮರಾಠಿ ಬಲ್ಲ ಮನೆಗಳಿಗಂತೂ ಗೀತೆ ಇನ್ನೂ ಹಳೆಯ ನಂಟು. 1290ರಲ್ಲಿ ರಚಿತವಾದ ‘ಜ್ಞಾನೇಶ್ವರಿ’ ಗೀತೆಯನ್ನು ಜನರ ಮಾತಿಗೆ ಇಳಿಸಿದ ಕೃತಿ. ಡಿ.ವಿ.ಜಿ.ಯವರು ಈ ಜನಸಮೀಪದ ಓದಿನ ಸಾಲಿಗೆ ಸೇರುತ್ತಾರೆ. ಜಗತ್ತನ್ನು ಹೇಸಿ ಓಡುವ ವೈರಾಗ್ಯವನ್ನು ಅವರು ಬೋಧಿಸಲಿಲ್ಲ. ಜಗತ್ತಿನೊಳಗೇ ಇದ್ದು, ಮಾಡಬೇಕಾದುದನ್ನು ಮಾಡಿ, ಫಲದ ಮೇಲಿನ ಹಿಡಿತವನ್ನು ಸಡಿಲಿಸುವ ಹದವನ್ನು ಅವರು ತಮ್ಮ ಓದುಗರಿಗೆ ಹೇಳಿಕೊಟ್ಟರು.

ಅವರ ಬಾಳೂ ಈ ಮಾತಿಗೆ ಒಪ್ಪುವಂತಿತ್ತು. 1970ರಲ್ಲಿ ನಾಡು ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ತಮ್ಮಲ್ಲಿ ಇಟ್ಟುಕೊಳ್ಳದೆ, ತಾವೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿದರು. ಅದು ಅವರ ಕೈಗೆ ಬಂದ ಹಣ. ಅದನ್ನು ಇಟ್ಟುಕೊಳ್ಳುವ ಹಕ್ಕೂ ಅವರಿಗಿತ್ತು, ಕೊಡುವ ಸ್ವಾತಂತ್ರ್ಯವೂ ಇತ್ತು. ಓದುಗರು ಈ ಎರಡು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ವಿಚಾರ ನಿಂತಿರುವುದು ಅವುಗಳ ಮೇಲೆಯೇ.

ಗೀತೆ ತ್ಯಾಗವನ್ನು ಹೇಗೆ ವಿವರಿಸುತ್ತದೆ ಎಂಬುದನ್ನು ಈಗ ನೋಡೋಣ. ಹದಿನೆಂಟನೆಯ ಅಧ್ಯಾಯದ ಮೊದಲಲ್ಲಿ ಅರ್ಜುನನು ಸನ್ಯಾಸಕ್ಕೂ ತ್ಯಾಗಕ್ಕೂ ಇರುವ ವ್ಯತ್ಯಾಸವನ್ನು ಕೇಳುತ್ತಾನೆ. ಫಲವನ್ನು ಬಯಸಿ ಮಾಡುವ ಕರ್ಮಗಳನ್ನು ಬಿಡುವುದು ಸನ್ಯಾಸವೆಂದೂ, ಕರ್ಮವನ್ನು ಮಾಡುತ್ತಲೇ ಅದರ ಫಲವನ್ನು ಬಿಡುವುದು ತ್ಯಾಗವೆಂದೂ ಉತ್ತರ ಬರುತ್ತದೆ. ಅಷ್ಟಕ್ಕೇ ನಿಲ್ಲದೆ ತ್ಯಾಗದಲ್ಲಿಯೂ ಮೂರು ಬಗೆಗಳನ್ನು ಗೀತೆ ಗುರುತಿಸುತ್ತದೆ. ತಿಳಿವಿಲ್ಲದೆ, ಮೋಹದಿಂದ ಕರ್ತವ್ಯವನ್ನು ಬಿಟ್ಟುಬಿಡುವುದು ತಾಮಸ. ದೇಹಕ್ಕೆ ಕಷ್ಟವಾದೀತೆಂಬ ಭಯದಿಂದ ಬಿಡುವುದು ರಾಜಸ. ಅಂಥ ತ್ಯಾಗದಿಂದ ತ್ಯಾಗದ ಫಲ ದೊರೆಯದು ಎಂದು ಗೀತೆ ಖಂಡಿತವಾಗಿ ಹೇಳುತ್ತದೆ. ಮಾಡಬೇಕಾದುದೆಂದು ತಿಳಿದು ಮಾಡಿ, ಆಸಕ್ತಿಯನ್ನೂ ಫಲವನ್ನೂ ಬಿಡುವುದು ಮಾತ್ರ ಸಾತ್ತ್ವಿಕ.

ಈ ಮೂರರಲ್ಲಿಯೂ ಬಿಡುವವನು ಒಬ್ಬನಿದ್ದಾನೆ. ತಿಳಿದೋ ತಿಳಿಯದೆಯೋ, ಹೆದರಿಯೋ ಹೆದರದೆಯೋ, ಬಿಡುವ ಕ್ರಿಯೆ ಅವನದೇ. ಇನ್ನೊಬ್ಬರು ಬಂದು ಕಿತ್ತುಕೊಂಡದ್ದಕ್ಕೆ ಗೀತೆಯ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ತಾಮಸ ತ್ಯಾಗಕ್ಕೂ ಅದು ಸಮವಾಗುವುದಿಲ್ಲ, ಏಕೆಂದರೆ ಅದು ತ್ಯಾಗವೇ ಅಲ್ಲ. ರಾಮನಗರದ ಹಿರಿಯರೊಬ್ಬರ ಎದುರು ಕುಳಿತು, ‘ನೀವು ನಾಡಿಗಾಗಿ ತ್ಯಾಗ ಮಾಡಿದಿರಿ’ ಎಂದು ಹೇಳುವುದನ್ನು ಕಲ್ಪಿಸಿಕೊಳ್ಳಿ. ‘ನಮ್ಮನ್ನು ಕೇಳಿದವರು ಯಾರು?’ ಎಂದು ಅವರು ತಿರುಗಿ ಕೇಳಿದರೆ ನಮ್ಮ ಬಳಿ ಉತ್ತರವುಂಟೆ?

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆ ಇರುವುದರಿಂದ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತರು ಕರನಿರಾಕರಣೆಯ ಚಳವಳಿಯಲ್ಲಿ ಭೂಕಂದಾಯವನ್ನು ಕೊಡಲು ಒಪ್ಪಲಿಲ್ಲ. ಜಮೀನು ಜಪ್ತಿಯಾಗುತ್ತದೆ ಎಂದು ಬಲ್ಲವರಾಗಿಯೇ ಅವರು ಆ ಹೆಜ್ಜೆಯನ್ನಿಟ್ಟರು, ಅನೇಕರು ಜಮೀನನ್ನು ಕಳೆದುಕೊಂಡರು. ಅವರು ಕಳೆದುಕೊಂಡದ್ದೂ ಭೂಮಿಯೇ, ಸೂಪಾದವರು ಕಳೆದುಕೊಂಡದ್ದೂ ಭೂಮಿಯೇ. ಅಂಕೋಲೆಯ ರೈತನ ಮುಂದೆ ಎರಡು ದಾರಿಗಳಿದ್ದವು. ಅವನು ಕಷ್ಟದ ದಾರಿಯನ್ನು ಆರಿಸಿಕೊಂಡ. ಅದನ್ನು ತ್ಯಾಗವೆಂದು ಕರೆದರೆ ಪದಕ್ಕೆ ಗೌರವ ಬರುತ್ತದೆ. ಸೂಪಾದ ರೈತನ ಮುಂದೆ ಇದ್ದದ್ದು ಏರುತ್ತಿದ್ದ ನೀರು.

ಈಗಿನ ಕಾಲದಲ್ಲಿಯೂ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ದಾಂಡೇಲಿ-ಅಣಶಿ ಅರಣ್ಯ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹೆಸರನ್ನಿಟ್ಟರು. ಕಾಡಿನೊಳಗಿನ ಕುಟುಂಬಗಳು ಹೊರಗೆ ಬರುವುದಾದರೆ ಪರಿಹಾರ ಕೊಡುವ ಯೋಜನೆಯಿದೆ. ಕುಟುಂಬಕ್ಕೆ ಮೊದಲು 10 ಲಕ್ಷ ರೂಪಾಯಿ ಇದ್ದುದು ನಂತರ 15 ಲಕ್ಷಕ್ಕೆ ಏರಿತು. ಕಾನೂನಿನ ಪ್ರಕಾರ ಇದು ಸ್ವಇಚ್ಛೆಯ ಸ್ಥಳಾಂತರ. ಹೀಗೆ ಹೊರಬಂದವರಲ್ಲಿ ಮಕ್ಕಳ ಶಾಲೆ, ಆಸ್ಪತ್ರೆ, ರಸ್ತೆಗಳಿಗಾಗಿ ಸಂತೋಷದಿಂದ ಬಂದವರಿರಬಹುದು. ಆ ನಿರ್ಧಾರವನ್ನು ಅಲ್ಲಗಳೆಯುವ ಹಕ್ಕು ನಮಗಿಲ್ಲ. ಆದರೆ ಒಂದು ಹಳ್ಳಿಗೆ ರಸ್ತೆಯೂ ಬಾರದೆ, ದೀಪವೂ ಬಾರದೆ ಹೋದಾಗ, ಅಲ್ಲಿಂದ ಹೊರಡುವವನ ಇಚ್ಛೆ ಎಷ್ಟರಮಟ್ಟಿಗೆ ಅವನ ಸ್ವಂತದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಬಿಡುವ ಸ್ವಾತಂತ್ರ್ಯವಿರಬೇಕಾದರೆ ಉಳಿಯುವ ಸ್ವಾತಂತ್ರ್ಯವೂ ಇರಬೇಕಷ್ಟೆ.

ಇಲ್ಲಿಯೇ ಡಿ.ವಿ.ಜಿ.ಯವರ ಓದಿನ ಒಂದು ಮಿತಿಯನ್ನು ವಿನಯದಿಂದ ಸೂಚಿಸಬೇಕಾಗುತ್ತದೆ. ‘ಜೀವನಧರ್ಮಯೋಗ’ ತನ್ನ ಮುಂದೆ ಕೂರಿಸಿಕೊಂಡಿರುವುದು ಮನೆಮಠವಿರುವ, ಹೊಣೆಗಾರಿಕೆಯಿರುವ, ಮಾಡಲು ಕೆಲಸವಿರುವ ಗೃಹಸ್ಥನನ್ನು. ಅವನಿಗೆ ಅದಕ್ಕಿಂತ ಒಳ್ಳೆಯ ಗುರು ಕನ್ನಡದಲ್ಲಿ ಸಿಗಲಾರ. ಆದರೆ ಆ ಮನೆಯೇ ಇಲ್ಲದಂತಾದವನು ಬಂದು ಅದೇ ಪುಟಗಳನ್ನು ತೆರೆದರೆ, ಮಮಕಾರವನ್ನು ಬಿಡು ಎಂಬ ಮಾತು ಅವನ ಕಿವಿಗೆ ಬೇರೆಯಾಗಿಯೇ ಕೇಳಿಸುತ್ತದೆ. ಇದು ಗ್ರಂಥಕರ್ತರ ಹೃದಯದ ಕೊರತೆಯಲ್ಲ. ಯಾವ ಓದುಗನನ್ನು ಎದುರಿಗಿಟ್ಟುಕೊಂಡು ಬರೆಯುತ್ತೇವೆಯೋ ಅವನಿಗೆ ತಕ್ಕಂತೆ ಮಾತಿನ ಒತ್ತು ಬೀಳುತ್ತದೆ. ಆ ಒತ್ತನ್ನು ಬದಲಿಸಿ ಓದುವ ಕೆಲಸ ನಮ್ಮದು.

ಹಾಗೆ ಓದಲು ಗೀತೆಯಲ್ಲಿಯೇ ಸಾಕಷ್ಟು ಅವಕಾಶವಿದೆ. ವಿಷಯಗಳಿಂದ ದೂರವಿದ್ದವನಿಗೆ ವಿಷಯಗಳು ದೂರವಾದರೂ ಅವುಗಳ ರುಚಿ ದೂರವಾಗುವುದಿಲ್ಲ ಎಂದು ಎರಡನೆಯ ಅಧ್ಯಾಯ ಹೇಳುತ್ತದೆ. ಎಂದರೆ, ಇಲ್ಲದಿರುವಿಕೆಯಿಂದ ನಿಷ್ಕಾಮ ಹುಟ್ಟುವುದಿಲ್ಲ. ಬಡವನನ್ನು ಬಡತನವೇ ವೈರಾಗ್ಯಕ್ಕೆ ಒಯ್ಯುತ್ತದೆ ಎಂದು ನಂಬುವುದು ಗೀತೆಗೆ ಮಾಡುವ ಅಪಚಾರ. ಧರ್ಮಕ್ಕೆ ವಿರುದ್ಧವಲ್ಲದ ಕಾಮ ತಾನೇ ಎಂದು ಏಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಹೇಳಿಕೊಳ್ಳುತ್ತಾನೆ. ಉಳುವ ನೆಲಕ್ಕೆ ಹಕ್ಕುಪತ್ರ ಬೇಕೆಂಬ ಕುಣಬಿಯ ಬಯಕೆ, ದನ ಮೇಯಿಸಲು ಜಾಗ ಬೇಕೆಂಬ ಗೌಳಿಯ ಬಯಕೆ, ಮಕ್ಕಳಿಗೆ ಶಾಲೆ ಬೇಕೆಂಬ ಸಿದ್ದಿ ತಾಯಿಯ ಬಯಕೆ, ಇವು ತೊರೆಯಬೇಕಾದ ಕಾಮಗಳಲ್ಲ. ಈ ಬಯಕೆಗಳ ಮುಂದೆ ನಿಷ್ಕಾಮದ ಉಪದೇಶವನ್ನು ಇಡುವವನು ಗೀತೆಯನ್ನು ಅರ್ಧ ಮಾತ್ರ ಓದಿದ್ದಾನೆ.

ಗಾಂಧೀಜಿಯವರು ಗೀತೆಗೆ ಬರೆದ ಗುಜರಾತಿ ಅನುವಾದಕ್ಕೆ ‘ಅನಾಸಕ್ತಿಯೋಗ’ ಎಂದು ಹೆಸರಿಟ್ಟರು. ಅದು ಪ್ರಕಟವಾದದ್ದು 1930ರ ಮಾರ್ಚ್ 12ರಂದು, ಅವರು ದಂಡಿಗೆ ಹೊರಟ ದಿನ. ಆಸಕ್ತಿಯನ್ನು ಬಿಡುವುದೆಂದರೆ ಅನ್ಯಾಯದ ಮುಂದೆ ಸುಮ್ಮನಿರುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಭಾಷ್ಯ ಬೇಕಿಲ್ಲ. ಮುಂಡಗೋಡದಲ್ಲಿ ಇದೇ ಪಾಠವನ್ನು ಇನ್ನೊಂದು ಪರಂಪರೆಯಿಂದ ಕಲಿಯಬಹುದು. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿಯನ್ನರು ಬೌದ್ಧರು. ತೃಷ್ಣೆಯೇ ದುಃಖಕ್ಕೆ ಮೂಲವೆಂಬುದು ಅವರ ಧರ್ಮದ ಮೊದಲ ಪಾಠಗಳಲ್ಲೊಂದು. ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಸಾವಿರಾರು ಭಿಕ್ಷುಗಳು ಅದನ್ನು ಅಧ್ಯಯನ ಮಾಡುತ್ತಾರೆ. ಆದರೂ ತಾಯ್ನಾಡಿನ ಬಗೆಗಿನ ನ್ಯಾಯದ ಕೇಳಿಕೆಯನ್ನು ಆ ಸಮುದಾಯ ಬಿಟ್ಟಿಲ್ಲ. ಬಿಡಲು ಯತ್ನಿಸುತ್ತಿರುವುದು ತಮ್ಮನ್ನು ಹೊರಹಾಕಿದವರ ಮೇಲಿನ ದ್ವೇಷವನ್ನು. ಕಳೆದುಕೊಂಡವನಿಗೆ ನಿಷ್ಕಾಮದ ಮಾತಿನಿಂದ ಏನಾದರೂ ನೆರವು ಸಿಗುವುದಾದರೆ ಅದು ಇಲ್ಲಿಯೇ: ಆಸೆಗೆ ಅಡ್ಡಿಯಾದಾಗ ಕೋಪ, ಕೋಪದಿಂದ ಮೋಹ, ಮೋಹದಿಂದ ಬುದ್ಧಿನಾಶ ಎಂದು ಗೀತೆ ತೋರಿಸುವ ಸರಪಳಿಯಲ್ಲಿ ತಾನು ಸಿಕ್ಕಿಬೀಳದಂತೆ ಕಾಯುವುದು. ಆ ನೆರವನ್ನು ಅವನು ತಾನಾಗಿ ತೆಗೆದುಕೊಳ್ಳಬೇಕು, ನಾವು ಹೇರಬಾರದು.

ಇನ್ನು ನಮ್ಮ ನೆಲದ ಶರಣ ಪರಂಪರೆಯ ಮಾತು. ಭರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ಹಳಿಯಾಳ, ದಾಂಡೇಲಿಗಳನ್ನು ಹಾದು ಜೋಯಿಡಾ ತಾಲೂಕಿನ ಉಳವಿಗೆ ಹೋಗುವುದನ್ನು ಈ ಭಾಗದ ಓದುಗರೆಲ್ಲ ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿ ನಡೆದು ರಕ್ತ ಹರಿದಾಗ, ಎಲ್ಲವನ್ನೂ ಹಿಂದೆ ಬಿಟ್ಟು ಬಂದ ಚೆನ್ನಬಸವಣ್ಣನವರು ಐಕ್ಯರಾದದ್ದು ಅಲ್ಲಿಯೇ ಎಂಬುದು ಶ್ರದ್ಧೆ. ಮಾಯೆಯಿರುವುದು ಹೊನ್ನಿನಲ್ಲಿಯೋ ಹೆಣ್ಣಿನಲ್ಲಿಯೋ ಮಣ್ಣಿನಲ್ಲಿಯೋ ಅಲ್ಲ, ಮನುಷ್ಯನ ಮನಸ್ಸಿನ ಆಸೆಯಲ್ಲಿ ಎಂದು ಅಲ್ಲಮಪ್ರಭುಗಳು ತೋರಿಸಿದರು. ಆದರೆ ಶರಣರು ಅಷ್ಟಕ್ಕೇ ನಿಲ್ಲಲಿಲ್ಲ. ಆಸೆಯನ್ನು ಬಿಡುವುದಕ್ಕೆ ಅವರು ಕಂಡುಕೊಂಡ ರೂಪ ಕಾಯಕ ಮತ್ತು ದಾಸೋಹ. ದುಡಿಯಬೇಕು, ದುಡಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಸಮುದಾಯಕ್ಕೆ ನೀಡಬೇಕು. ಇಲ್ಲಿ ತ್ಯಾಗ ಒಳಮನಸ್ಸಿನ ಸ್ಥಿತಿಯಷ್ಟೇ ಆಗಿ ಉಳಿಯದೆ ಹಸಿದವನ ತಟ್ಟೆಯವರೆಗೂ ಬರುತ್ತದೆ. ಮನೆಯ ಒಳಗೆ ಕುಳಿತು ಮನಸ್ಸನ್ನು ಹದಗೊಳಿಸಿಕೊಳ್ಳುವ ಡಿ.ವಿ.ಜಿ.ಯವರ ಗೃಹಸ್ಥನಿಗೆ ಶರಣರ ಈ ಮಾತನ್ನು ಜೋಡಿಸಿದರೆ ಓದು ತುಂಬಿಕೊಳ್ಳುತ್ತದೆ.

ಹಾಗಾದರೆ ಆಸೆಯನ್ನು ಬಿಡು ಎಂಬ ಉಪದೇಶ ಯಾರಿಗೆ? ಕಾಳಿ ಕಣಿವೆಯನ್ನೇ ಮತ್ತೊಮ್ಮೆ ನೋಡಿ. ಸುಮಾರು 184 ಕಿಲೋಮೀಟರ್ ಹರಿಯುವ ಈ ನದಿಯ ನೀರು ಸೂಪಾದಿಂದ ಬೊಮ್ಮನಹಳ್ಳಿಗೆ, ಅಲ್ಲಿಂದ ನಾಗಝರಿಯ ವಿದ್ಯುದಾಗಾರಕ್ಕೆ ಹೋಗುತ್ತದೆ. ನಾಗಝರಿಯೊಂದರ ಸಾಮರ್ಥ್ಯವೇ ಸುಮಾರು 900 ಮೆಗಾವ್ಯಾಟ್. ಮುಂದೆ ಕೊಡಸಳ್ಳಿ, ಕದ್ರಾಗಳಿವೆ. ಆ ವಿದ್ಯುತ್ತಿನಿಂದ ದೂರದ ನಗರಗಳು ರಾತ್ರಿಯಿಡೀ ಬೆಳಗುತ್ತವೆ. ಅದು ಹುಟ್ಟಿದ ತಾಲೂಕಿನ ಕಾಡಂಚಿನ ಎಷ್ಟೋ ಮಜರೆಗಳು ಬಹುಕಾಲ ಚಿಮಣಿ ಬೆಳಕಿನಲ್ಲಿಯೇ ಇದ್ದವು. ಈ ಕಾಡಿನ ಬಿದಿರು ದಾಂಡೇಲಿಯ ಕಾಗದವಾಗಿ ಊರೂರಿಗೆ ಹೋಯಿತು. ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ಗಣೇಶಗುಡಿಯಲ್ಲಿ ಇಂದು ಪ್ರವಾಸಿಗರು ರಾಫ್ಟಿಂಗ್ ಮಾಡಿ ಸಂತೋಷಪಡುತ್ತಾರೆ. ನೀವೂ ನಾನೂ ಈ ಬಯಸುವವರ ಸಾಲಿನಲ್ಲಿಯೇ ಇದ್ದೇವೆ. ತನಗಾಗಿ ಮಾತ್ರ ಅಡುಗೆ ಮಾಡಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಎಂದು ಗೀತೆಯ ಮೂರನೆಯ ಅಧ್ಯಾಯ ಎಚ್ಚರಿಸುತ್ತದೆ. ಈಶಾವಾಸ್ಯ ಉಪನಿಷತ್ತು ತನ್ನ ಮೊದಲ ಮಂತ್ರದಲ್ಲಿಯೇ ತ್ಯಾಗದಿಂದ ಭೋಗಿಸಬೇಕೆಂದು ಹೇಳಿ, ಅದೇ ಉಸಿರಿನಲ್ಲಿ ಇನ್ನೊಬ್ಬರ ಸೊತ್ತಿಗೆ ಆಸೆಪಡಬಾರದು ಎನ್ನುತ್ತದೆ. ನಿಷ್ಕಾಮದ ಉಪದೇಶಕ್ಕೆ ಮೊದಲ ವಿಳಾಸ ಆಸೆಪಡುವ ಶಕ್ತಿಯಿರುವವರದೇ ಎಂಬುದು ಇದರಿಂದ ತಿಳಿಯುತ್ತದೆ.

ಈ ಪತ್ರಿಕೆಯ ಓದುಗರು ಇದನ್ನು ನೆರೆಮನೆಯವರ ಧರ್ಮದ ವಿಮರ್ಶೆಯೆಂದು ಓದಿ ಬದಿಗಿಡಬಾರದು. ಕಷ್ಟವನ್ನು ಶಿಲುಬೆಯೆಂದು ತಿಳಿದು ಹೊರಬೇಕೆಂದು ನಾವೂ ಎಷ್ಟು ಸಲ, ಎಷ್ಟು ಸುಲಭವಾಗಿ, ಅದನ್ನು ಹೊರದ ಕಡೆ ನಿಂತು ಹೇಳಿಲ್ಲ? ಯೇಸುಸ್ವಾಮಿ ಎಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂದು ಹೇಳಿದ್ದು ಬಹಳ ಆಸ್ತಿಯಿದ್ದವನಿಗೆ. ಹಸಿದು ಬಂದ ಜನಸಮೂಹಕ್ಕೆ ಅವರು ರೊಟ್ಟಿಯನ್ನು ಕೊಡಿಸಿದರು. ಬಿಡುವಿಕೆಯ ಬೋಧನೆ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತಿದೆ ಎಂಬ ಎಚ್ಚರ ಎರಡೂ ಮನೆಗಳಿಗೆ ಸಮಾನವಾಗಿ ಬೇಕಾದದ್ದು.

ಕೊನೆಯಲ್ಲಿ ಒಂದು ಕೋರಿಕೆ. ಡಿ.ವಿ.ಜಿ.ಯವರ ಗ್ರಂಥವನ್ನು ಹುಡುಕಿ ಓದಿ; ನೆಮ್ಮದಿಯಿಲ್ಲದ ಮನಸ್ಸಿಗೆ ಅದು ಕೊಡುವ ಸಮಾಧಾನ ದೊಡ್ಡದು. ಓದುವಾಗ ‘ನಾನು ಏನನ್ನು ಬಿಡಬಲ್ಲೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಆ ಪ್ರಶ್ನೆಯನ್ನು ಇನ್ನೊಬ್ಬರ ಮುಂದೆ ಒಡ್ಡಬೇಡಿ. ಮುಂದಿನ ಸಲ ಯಾವುದಾದರೂ ವೇದಿಕೆಯಲ್ಲಿ ಮುಳುಗಡೆಯವರ ತ್ಯಾಗವನ್ನು ಕೊಂಡಾಡುವುದನ್ನು ಕೇಳಿದಾಗ, ಆ ಪದದ ಬದಲು ‘ನಷ್ಟ’ ಎಂಬ ಪದವನ್ನಿಟ್ಟು ಅದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ. ತ್ಯಾಗ ಮಾಡಿದವರಿಗೆ ಹಾರ ಹಾಕಿದರೆ ಸಾಕಾಗುತ್ತದೆ, ನಷ್ಟವಾದವರಿಗೆ ನಾವು ಕೊಡಬೇಕಾದದ್ದು ಇನ್ನೂ ಬಾಕಿಯಿರುತ್ತದೆ. ಆ ಬಾಕಿಯನ್ನು ತೀರಿಸಲು ನಮ್ಮ ಬಯಕೆಗಳಲ್ಲಿ ಕೆಲವನ್ನಾದರೂ ನಾವು ಬಿಡಬೇಕಾಗಬಹುದು. ಗೀತೆ ಹೇಳುವ ತ್ಯಾಗ ನಮ್ಮ ಪಾಲಿಗೆ ಬಹುಶಃ ಅಲ್ಲಿಂದಲೇ ಆರಂಭವಾಗುತ್ತದೆ.